ಬಡಾವಣೆಯ ಸುಶಿ ಅಂಗಡಿ: ಮೀನಿಗಿಂತ ಮೊದಲು ಅನ್ನವನ್ನು ನೋಡಿ

ಇಂದಿರಾನಗರ ನಿವಾಸಿ (ಮೂಲ ಬರಹ)

ಬೆಂಗಳೂರಿನಲ್ಲಿ ಒಳ್ಳೆಯ ಸುಶಿ (ಹುಳಿ ಬೆರೆಸಿದ ಅನ್ನದ ಜೊತೆ ಮೀನನ್ನೋ ತರಕಾರಿಯನ್ನೋ ಇಟ್ಟು ಮಾಡುವ ಜಪಾನಿ ತಿನಿಸು) ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಈ ಗುಂಪಿನಲ್ಲಿ ಆಗಾಗ ಬರುತ್ತದೆ. ಪ್ರತಿ ಸಲವೂ ಉತ್ತರಗಳೆಲ್ಲ ಮೀನಿನ ಸುತ್ತಲೇ ಸುತ್ತುತ್ತವೆ: ಸಾಲ್ಮನ್ ಎಲ್ಲಿಂದ ತರಿಸುತ್ತಾರೆ, ಟ್ಯೂನಾ ಎಷ್ಟು ಕೆಂಪಗಿದೆ, ತಟ್ಟೆಯಲ್ಲಿ ಎಷ್ಟು ತುಂಡು ಕೊಡುತ್ತಾರೆ. ನಾನು ಬಹಳ ಕಾಲದಿಂದ ಊಟಕ್ಕೆ ಹೋಗುತ್ತಿರುವ ಪುಟ್ಟ ಅಂಗಡಿಯೊಂದು ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ, ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಅಲ್ಲಿ ಕುಳಿತು ತಿಂದು, ನೋಡಿ, ಕೇಳಿ ತಿಳಿದುಕೊಂಡದ್ದರಿಂದ ಹೇಳುವುದಾದರೆ, ಸುಶಿ ಅಂಗಡಿಯನ್ನು ಅಳೆಯಬೇಕಾದದ್ದು ಮೊದಲು ಅದರ ಅನ್ನದಿಂದ. ಅನ್ನವನ್ನೇ ಉಂಡು ಬೆಳೆದ ನಮ್ಮವರಿಗೆ ಈ ಪರೀಕ್ಷೆ ಮಾಡುವ ಯೋಗ್ಯತೆ ಬೇರೆ ಯಾರಿಗಿಂತಲೂ ಕಡಿಮೆಯಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. ಸುಶಿಯ ಹಳೆಯ ರೂಪದಲ್ಲಿ ಉಪ್ಪು ಹಾಕಿದ ಮೀನನ್ನು ಅನ್ನದ ನಡುವೆ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ಕೊನೆಗೆ ಅನ್ನವನ್ನು ತೆಗೆದುಹಾಕಿ ಮೀನನ್ನಷ್ಟೇ ತಿನ್ನುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತಮುತ್ತ ಇಂದಿಗೂ ಆ ಬಗೆಯ ಸುಶಿ ಉಳಿದಿದೆ. ಅನ್ನ ತಾನಾಗಿ ಹುಳಿಯುವವರೆಗೆ ಕಾಯುವ ಬದಲು ವಿನೆಗರ್ ಬೆರೆಸಿ ಕೂಡಲೇ ತಿನ್ನುವ ರೂಢಿ ಬಂದ ಮೇಲೆಯೇ ಅನ್ನಕ್ಕೆ ತನ್ನದೇ ಸ್ಥಾನ ದೊರೆಯಿತು. ಇಂದು ನಾವು ಕಾಣುವ ನಿಗಿರಿ, ಅಂದರೆ ಬೆರಳುದ್ದದ ಅನ್ನದ ಮುದ್ದೆಯ ಮೇಲೆ ಮೀನಿನ ತೆಳು ಹೋಳು ಹೊದಿಸಿದ ತಿನಿಸು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎದೋ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಬೀದಿಬದಿಯ ಗಾಡಿಗಳಲ್ಲಿ ಬೆಳೆದದ್ದು. ನಮ್ಮ ದರ್ಶಿನಿಗಳಲ್ಲಿ ಕೆಲಸಕ್ಕೆ ಹೊರಟವರು ನಿಂತುಕೊಂಡೇ ಇಡ್ಲಿ ತಿಂದು ಹೋಗುವಂತೆ ಅಲ್ಲಿಯ ಜನ ನಿಂತಲ್ಲೇ ಒಂದೆರಡು ತುಂಡು ತಿಂದು ಮುಂದೆ ಸಾಗುತ್ತಿದ್ದರು. ಆದ್ದರಿಂದ ಸುಶಿ ಹುಟ್ಟಿನಿಂದಲೇ ಸಿರಿವಂತರ ಊಟವೆಂಬ ಕಲ್ಪನೆಯನ್ನು ನಾವು ಬಿಡಬಹುದು.

ಇನ್ನು ಅನ್ನದ ವಿಚಾರ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಬಗೆ ಇವೆ. ಅಮೈಲೋಸ್ ಹೆಚ್ಚಿದ್ದರೆ ಅಗುಳು ಬಿಡಿಬಿಡಿಯಾಗಿ ಉದುರುತ್ತದೆ, ಕಡಿಮೆಯಿದ್ದರೆ ಒಂದಕ್ಕೊಂದು ಅಂಟುತ್ತದೆ. ನಮ್ಮ ಸೋನಾ ಮಸೂರಿಯಲ್ಲಿ ಸುಶಿ ನಿಲ್ಲದಿರುವುದಕ್ಕೂ ಜಪಾನಿನ ಗಿಡ್ಡ, ದುಂಡು ಅಕ್ಕಿಯಲ್ಲಿ ನಿಲ್ಲುವುದಕ್ಕೂ ಇದೇ ಕಾರಣ. 1956ರಲ್ಲಿ ಬಳಕೆಗೆ ಬಂದ ಕೋಶಿಹಿಕಾರಿ ಎಂಬ ತಳಿ ಇಂದಿಗೂ ಜಪಾನಿನಲ್ಲಿ ಅತ್ಯಂತ ಹೆಚ್ಚು ಬೆಳೆಯುವ ಅಕ್ಕಿ.

ನಮ್ಮ ಅಂಗಡಿಯಲ್ಲಿ ಸಂಜೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಅನ್ನ ಹದಗೊಳಿಸುವುದನ್ನು ನೋಡಬಹುದು. ಆಗಷ್ಟೇ ಬೆಂದ ಅನ್ನವನ್ನು ಅಗಲ ಬಾಯಿಯ ಮರದ ಬೋಗುಣಿಗೆ ಸುರಿದು, ಅಕ್ಕಿ ವಿನೆಗರ್, ಸಕ್ಕರೆ, ಉಪ್ಪು ಕರಗಿಸಿದ ದ್ರವವನ್ನು ಸಟ್ಟುಗದ ಮೇಲಿಂದ ಹರಿಯಬಿಡುತ್ತಾರೆ. ಬಳಿಕ ಸಟ್ಟುಗವನ್ನು ಓರೆಯಾಗಿ ಹಿಡಿದು ಅನ್ನವನ್ನು ಸೀಳುತ್ತ, ಮಗುಚುತ್ತ ಹೋಗುತ್ತಾರೆ, ಕಲಸುವುದಿಲ್ಲ, ಒತ್ತುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬೀಸಣಿಗೆ ಬೀಸುತ್ತಾರೆ. ಮೊದಲು ಕಣ್ಣಿಗೆ ಹತ್ತುವಂತಿದ್ದ ವಿನೆಗರಿನ ಘಾಟು ಆವಿಯೊಂದಿಗೆ ಇಳಿಯುತ್ತ ಹೋಗಿ, ಅಗುಳಿನ ಮೇಲೆ ತೆಳುವಾದ ಹೊಳಪು ಮೂಡುತ್ತದೆ. ಮರ ಹೆಚ್ಚಿನ ತೇವವನ್ನು ಹೀರಿಕೊಳ್ಳುವುದರಿಂದ ಸ್ಟೀಲಿನ ಪಾತ್ರೆಯಲ್ಲಿ ಆಗುವಂತೆ ತಳದಲ್ಲಿ ನೀರು ನಿಲ್ಲುವುದಿಲ್ಲ.

ಹೀಗೆ ಹದವಾದ ಅನ್ನವನ್ನು ಮೈಬಿಸಿಯಷ್ಟು ಬೆಚ್ಚಗಿರುವಾಗಲೇ ಬಡಿಸಬೇಕು. ನಿಗಿರಿ ಕೈಯಲ್ಲಿ ಎತ್ತಿದಾಗ ಗಟ್ಟಿಯಾಗಿ ನಿಂತು ಬಾಯೊಳಗೆ ಸಲೀಸಾಗಿ ಬಿಡಿಸಿಕೊಳ್ಳಬೇಕು; ಅಗಿದ ಮೇಲೂ ಉಂಡೆಯಾಗಿಯೇ ಉಳಿದರೆ ಒತ್ತಿದ್ದು ಹೆಚ್ಚಾಯಿತೆಂದು ಅರ್ಥ. ಅನ್ನ ತಣ್ಣಗೆ, ಬಿರುಸಾಗಿ ಬಂದರೆ ಅದು ಫ್ರಿಜ್ಜಿನಿಂದ ಬಂದಿದೆ. ಅಂಥ ಅಂಗಡಿಯಲ್ಲಿ ಮೀನು ಎಷ್ಟೇ ಚೆನ್ನಾಗಿರಲಿ, ನಾನು ಎರಡನೆಯ ಸಲ ಹೋಗಲಾರೆ. ಪರೀಕ್ಷೆಗೆ ಅತ್ಯಂತ ಒಳ್ಳೆಯದು ಪಟ್ಟಿಯಲ್ಲಿರುವ ಅಗ್ಗದ ತಿನಿಸಾದ ಸೌತೆಕಾಯಿ ರೋಲ್. ಅದರಲ್ಲಿ ಅನ್ನ, ನೋರಿ ಎಂಬ ಒಣ ಕಡಲಕಳೆಯ ತೆಳು ಹಾಳೆ, ಸೌತೆಕಾಯಿ ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ ಅಡುಗೆಯವರ ಕೈ ನೇರವಾಗಿ ತಿಳಿಯುತ್ತದೆ.

ಮಲ್ಲೇಶ್ವರದ ಓದುಗಿ

ಬರಹ ಬಹಳ ಇಷ್ಟವಾಯಿತು ಸರ್. ನಾವು ಶುದ್ಧ ಸಸ್ಯಾಹಾರಿಗಳು; ಮಗಳ ಒತ್ತಾಯಕ್ಕೆ ಒಮ್ಮೆ ಇಂಥ ಅಂಗಡಿಯೊಂದಕ್ಕೆ ಹೋಗಿದ್ದೆವು. ಸಸ್ಯಾಹಾರದ ಪಟ್ಟಿಯಲ್ಲೇ ಇದ್ದ ಸೂಪು ತರಿಸಿ ಅರ್ಧ ಕುಡಿದ ಮೇಲೆ, ಅದರಲ್ಲಿ ಮೀನಿನ ಸಾರವಿದೆಯೆಂದು ಬಡಿಸುವವರು ಬಂದು ತಿಳಿಸಿದರು. ನಮ್ಮ ಅತ್ತೆಯವರಿಗೆ ಆದ ಸಂಕಟವನ್ನು ಹೇಳಲಾರೆ. ನಮ್ಮಂಥವರು ಧೈರ್ಯವಾಗಿ ಏನು ತಿನ್ನಬಹುದು, ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ದಯವಿಟ್ಟು ಬಿಡಿಸಿ ಬರೆಯುವಿರಾ?

ಇಂದಿರಾನಗರ ನಿವಾಸಿ

ಮೇಡಂ, ನಿಮಗಾದದ್ದು ಆಗಬಾರದಿತ್ತು. ಜಪಾನಿ ಅಡುಗೆಯಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಕಣ್ಣಿಗೆ ಕಾಣುವ ಮೀನಿಗಿಂತ ಕಾಣದ ದಾಶಿಯ ವಿಷಯದಲ್ಲಿ. ದಾಶಿ ಎಂದರೆ ಬಹುತೇಕ ಎಲ್ಲ ಸಾರುಗಳಿಗೂ ಆಧಾರವಾದ ತಿಳಿ ಕಟ್ಟು. ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆಯಿಂದಲೂ, ಹೊಗೆ ಹಿಡಿಸಿ ಒಣಗಿಸಿದ ಬೊನಿಟೊ ಮೀನಿನ ತೆಳು ಎಸಳುಗಳಿಂದಲೂ ತೆಗೆಯುತ್ತಾರೆ. ಹುದುಗಿಸಿದ ಸೋಯಾ ಮುದ್ದೆಯಿಂದ ಮಾಡುವ ಮಿಸೊ ಸೂಪಿನಲ್ಲಿ ಕಾಣುವುದು ತೋಫು ಮತ್ತು ಕಡಲಕಳೆ ಮಾತ್ರವಾದರೂ ತಳದಲ್ಲಿ ಈ ಮೀನಿನ ಕಟ್ಟು ಇರುತ್ತದೆ. ಆದ್ದರಿಂದ "ಇದು ವೆಜ್ಜಾ?" ಎಂದು ಕೇಳಿದರೆ ಸಾಲದು, "ದಾಶಿಯಲ್ಲಿ ಬೊನಿಟೊ ಹಾಕಿದ್ದೀರಾ, ಕೊಂಬು ಮಾತ್ರವಾ?" ಎಂದೇ ಕೇಳಬೇಕು.

ಮೀನಿಲ್ಲದ ದಾಶಿ ನಮಗಾಗಿ ಮಾಡಿಕೊಂಡ ರಾಜಿಯಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ಬೌದ್ಧ ಮಠಗಳಲ್ಲಿ ಮಾಂಸ, ಮೀನು ಎರಡನ್ನೂ ಬಿಟ್ಟ ಶೋಜಿನ್ ಅಡುಗೆ ಶತಮಾನಗಳಿಂದ ನಡೆದುಬಂದಿದೆ. ಅಲ್ಲಿ ಕೊಂಬು ಮತ್ತು ಒಣಗಿಸಿದ ಶಿಟಾಕೆ ಅಣಬೆಯನ್ನು ನೆನೆಸಿ ಕಟ್ಟು ತೆಗೆಯುತ್ತಾರೆ. ದಾಶಿಯ ರುಚಿಯ ಮೂಲವನ್ನು ಹುಡುಕಿದ ಕಿಕುನೆ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಆ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶವನ್ನು ಬೇರ್ಪಡಿಸಿದ್ದು ಕೊಂಬು ಕಟ್ಟಿನಿಂದಲೇ. ನಮ್ಮ ಅಂಗಡಿಯಲ್ಲಿ ಮುಂಚಿತವಾಗಿ ಫೋನ್ ಮಾಡಿ ಹೇಳಿದರೆ ಕೊಂಬು ಮತ್ತು ಶಿಟಾಕೆಯ ಸೂಪನ್ನು ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ.

ಇನ್ನು ರೋಲ್‌ಗಳಲ್ಲಿ ಸೌತೆಕಾಯಿ, ಬೆಣ್ಣೆಹಣ್ಣು, ಹಳದಿ ಮೂಲಂಗಿ ಉಪ್ಪಿನಕಾಯಿ ಇವು ಮೂರನ್ನೂ ತಿನ್ನಬಹುದು. ಕಾಂಪ್ಯೋ ರೋಲನ್ನಂತೂ ಒಮ್ಮೆ ತಿಂದು ನೋಡಲೇಬೇಕು. ಅದರೊಳಗಿನ ಕಂದು ಬಣ್ಣದ ಮೆತ್ತನೆಯ ಪಟ್ಟಿ ನಮ್ಮ ಸೋರೆಕಾಯಿಯ ಜಾತಿಯದೇ! ಜಪಾನಿನ ತೋಚಿಗಿ ಪ್ರಾಂತ್ಯದಲ್ಲಿ ಸೋರೆಯ ತಿರುಳನ್ನು ಉದ್ದನೆಯ ಎಳೆಗಳಾಗಿ ಸುಲಿದು ಬಿಸಿಲಿಗೆ ಒಣಗಿಸುತ್ತಾರೆ. ಬೇಕಾದಾಗ ಉಪ್ಪು ಹಾಕಿ ಉಜ್ಜಿ ತೊಳೆದು, ಬೇಯಿಸಿ, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಕುದಿಸುತ್ತಾರೆ. ಕೆಲವರು ಕುದಿಸುವಾಗ ದಾಶಿ ಸೇರಿಸುವುದರಿಂದ ಇಲ್ಲಿಯೂ ಅದೇ ಪ್ರಶ್ನೆ ಕೇಳಿ. ಸಿಹಿ ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿಗೂ ಇದೇ ಮಾತು. ಅಡುಗೆಗೆ ಸೇರಿಸುವ ಮಿರಿನ್ ಎಂಬ ಸಿಹಿ ದ್ರವದಲ್ಲಿ ಮದ್ಯಾಂಶವಿರುತ್ತದೆ. ಹಿರಿಯರಿಗೆ ಅದು ಮುಖ್ಯವಾದರೆ ಮೊದಲೇ ವಿಚಾರಿಸಿ. ರೋಲಿನ ಹೊರಮೈಗೆ ಉದುರಿಸಿದ ಕಿತ್ತಳೆ ಬಣ್ಣದ ಸಣ್ಣ ಕಾಳುಗಳು ಹಾರುಮೀನಿನ ಮೊಟ್ಟೆಗಳು. ಏಡಿ ಕಡ್ಡಿ ಎಂದು ಕರೆಯುವುದು ಅರೆದ ಮೀನಿನಿಂದ ಮಾಡಿದ್ದು. ಮಯೋನೀಸಿನಲ್ಲಿ ಮೊಟ್ಟೆಯಿರುತ್ತದೆ, ಟೆಂಪುರಾ ಎಂಬ ಬಜ್ಜಿಯಂಥ ಕರಿದ ತಿನಿಸಿನ ಹಿಟ್ಟಿನಲ್ಲಿಯೂ ಹಲವು ಕಡೆ ಇರುತ್ತದೆ. ತರಕಾರಿ ಮತ್ತು ಸಿಗಡಿ ಎರಡನ್ನೂ ಒಂದೇ ಎಣ್ಣೆಯಲ್ಲಿ ಕರಿಯುವುದೂ ಉಂಟು. ಇಷ್ಟನ್ನು ವಿಚಾರಿಸಿದ್ದಕ್ಕೆ ಬೇಸರಿಸುವ ಅಂಗಡಿಯಾದರೆ ನೀವು ಅಲ್ಲಿಂದ ಎದ್ದು ಬರುವುದರಲ್ಲಿ ತಪ್ಪೇನೂ ಇಲ್ಲ.

ಕುಂದಾಪುರ ಮೂಲ, ಈಗ ಬನಶಂಕರಿ

ಅನ್ನದ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಆದರೆ ಮೀನಿನ ವಿಷಯದಲ್ಲಿ ನನಗೊಂದು ತಕರಾರಿದೆ. ನಮ್ಮ ಮಲ್ಪೆ, ಗಂಗೊಳ್ಳಿಯಲ್ಲಿ ಬೆಳಗಿನ ಜಾವ ದೋಣಿಯಿಂದ ಇಳಿದ ಬಂಗುಡೆಯೂ ಅಂಜಲ್ ಮೀನೂ ರಾತ್ರಿ ಲಾರಿಯಲ್ಲಿ ಬೆಂಗಳೂರಿಗೆ ಬರುವಾಗ, ಈ ಅಂಗಡಿಗಳು ಸಾವಿರಾರು ಮೈಲಿ ದೂರದಿಂದ ಹೆಪ್ಪುಗಟ್ಟಿದ ಸಾಲ್ಮನ್ ತರಿಸುವುದೇಕೆ? ಮೀನು ತಾಜಾ ಇರುವುದಕ್ಕಿಂತ ದೊಡ್ಡ ಗುಣ ಬೇರೊಂದಿಲ್ಲವೆಂದು ನಂಬಿ ಬೆಳೆದವನು ನಾನು. ಫ್ರೀಜರಿನ ಮೀನನ್ನು ಹಸಿಯಾಗಿ ತಿನ್ನುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ.

ಆಹಾರ ಸುರಕ್ಷತೆಯ ಕೆಲಸದಲ್ಲಿರುವವಳು

ನಿಮ್ಮ ನಂಬಿಕೆ ಬೇಯಿಸುವ ಮೀನಿನ ಮಟ್ಟಿಗೆ ಪೂರ್ತಿ ಸರಿ, ಅಣ್ಣ. ಹಸಿಯಾಗಿ ತಿನ್ನುವ ಮೀನಿಗೆ ಲೆಕ್ಕ ಬೇರೆ. ಕಡಲ ಮೀನುಗಳಲ್ಲಿ ಅನಿಸಾಕಿಸ್ ಎಂಬ ದಾರದಂಥ ಹುಳು ಇರುತ್ತದೆ; ಮೀನು ಎಷ್ಟು ತಾಜಾ ಇದ್ದರೂ ಅದು ಇರಬಹುದು. ಅದನ್ನು ಕೊಲ್ಲುವುದು ಬೆಂಕಿ, ಇಲ್ಲವೇ ಕಡು ಶೈತ್ಯ. ವಿನೆಗರ್, ವಸಾಬಿ ಎಂಬ ಖಾರದ ಹಸಿರು ಮುದ್ದೆ, ಶುಂಠಿ ಯಾವುದೂ ಆ ಕೆಲಸ ಮಾಡುವುದಿಲ್ಲ. ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಅಥವಾ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗುವಂತೆ ಹೆಪ್ಪುಗಟ್ಟಿಸಿ 15 ಗಂಟೆ ಇಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ದೂರ ಸಮುದ್ರದಲ್ಲಿ ಹಿಡಿದ ಟ್ಯೂನಾವನ್ನು ಹಡಗಿನಲ್ಲೇ ಮೈನಸ್ 60 ಡಿಗ್ರಿಯ ಆಸುಪಾಸಿಗೆ ಇಳಿಸುತ್ತಾರೆ. ಅಷ್ಟು ಶೀಘ್ರವಾಗಿ ಹೆಪ್ಪುಗಟ್ಟಿದಾಗ ಐಸಿನ ಹರಳುಗಳು ಸಣ್ಣದಾಗಿಯೇ ಉಳಿದು ಮಾಂಸದ ಎಳೆ ಹರಿಯುವುದಿಲ್ಲ.

ಬಂಗುಡೆಯ ವಿಚಾರಕ್ಕೆ ಬಂದರೆ, ಜಪಾನಿನವರೂ ಆ ಬಳಗದ ಮೀನಿಗೆ ಮೊದಲು ಉಪ್ಪು ಹಾಕಿ, ಆಮೇಲೆ ವಿನೆಗರಿನಲ್ಲಿ ನೆನೆಸಿ ಸುಶಿಗೆ ಬಳಸುತ್ತಾರೆ. ಆದರೆ ಬಂಗುಡೆ, ಟ್ಯೂನಾ, ಬೂತಾಯಿ ಇವು ಹಿಡಿದ ಮೇಲೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಉಳಿದರೂ ಅವುಗಳಲ್ಲಿ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ. ಒಮ್ಮೆ ಸೇರಿದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ದೋಣಿಯಿಂದ ಕತ್ತರಿಸುವ ಹಲಗೆಯವರೆಗೆ ತಣ್ಪಿನ ಸರಪಳಿ ಎಲ್ಲಿಯೂ ಕಡಿಯದಂತೆ ನೋಡಿಕೊಂಡರೆ ನಮ್ಮ ಕರಾವಳಿಯ ಮೀನೂ ಸುಶಿಯಾಗಬಲ್ಲದು, ಆಗಬೇಕೆಂಬುದೇ ನನ್ನ ಆಸೆಯೂ ಹೌದು. ಆದರೆ ಇಂದು ಮಾರುಕಟ್ಟೆಯ ಕಲ್ಲಿನ ಮೇಲೆ ಹರಡಿಟ್ಟ ಮೀನನ್ನು ಯಾರೂ ಹಸಿಯಾಗಿ ತಿನ್ನಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ನಿಷೇಧವಿರುವುದರಿಂದ ಆ ಎರಡು ತಿಂಗಳಂತೂ ಅಂಗಡಿಗಳು ಬೇರೆ ಮೂಲವನ್ನು ನೋಡಿಕೊಳ್ಳಲೇಬೇಕು. ಕೆರೆ, ಹೊಳೆಯ ಮೀನನ್ನು ಹಸಿಯಾಗಿ ತಿನ್ನುವ ಮಾತೇ ಬೇಡ. ಅವುಗಳಲ್ಲಿನ ಪರೋಪಜೀವಿಗಳು ಇನ್ನೂ ಅಪಾಯಕಾರಿ.

ಇನ್ನೊಂದು ಸಂಗತಿ: ಸಾಲ್ಮನ್ ಸುಶಿಯೂ ಹಳೆಯದೇನಲ್ಲ. ತಮ್ಮ ಸಮುದ್ರದ ಸಾಲ್ಮನ್ನಿನಲ್ಲಿ ಹುಳುವಿರುತ್ತದೆಂದು ಜಪಾನಿನವರು ಅದನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ದೇಶವು ತಾನು ಸಾಕಿದ ಸಾಲ್ಮನ್ನಿಗೆ ಅಲ್ಲಿ ಮಾರುಕಟ್ಟೆ ಹುಡುಕಲು ಹೊರಟ ಮೇಲೆ, ನಿಧಾನವಾಗಿ ಆ ಮೀನು ಸುಶಿಯ ತಟ್ಟೆಗೆ ಬಂದಿತು.

ಗರ್ಭಿಣಿಯರು, ಎಳೆಯ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೀನಿನಿಂದ ದೂರವಿರಬೇಕು. ಗೋಧಿ ಆಗದವರು ನೆನಪಿಡಿ, ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿಯಿದೆ.

ಬಿಡದಿಯ ನಿವೃತ್ತ ನೌಕರ

1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ, ಜಪಾನಿನಿಂದ ಬಂದ ಅನೇಕರ ಜೊತೆ ನಮ್ಮ ಕಡೆಯವರು ಕೆಲಸ ಮಾಡಿದರು. ನಾನು ಅಲ್ಲಿ ಬಿಡಿಭಾಗ ಪೂರೈಸುವ ಒಂದು ಘಟಕದಲ್ಲಿದ್ದೆ. ಆ ಸಹೋದ್ಯೋಗಿಗಳೊಡನೆ ಕುಳಿತು ಕಲಿತ ಕೆಲವು ರೀತಿಗಳನ್ನು ಇಲ್ಲಿ ಬರೆಯುವುದು ಉಪಯುಕ್ತವೆಂದು ತೋರುತ್ತದೆ.

ನಿಗಿರಿಯನ್ನು ಕೈಯಿಂದ ತಿನ್ನಬಹುದು. ನಮ್ಮ ಹುಡುಗರು ಊಟದ ಕಡ್ಡಿಗಳನ್ನು (ಚಾಪ್‌ಸ್ಟಿಕ್) ಹಿಡಿಯಲು ಬಾರದೆ ಸಂಕೋಚಪಡುವುದನ್ನು ನೋಡಿದ್ದೇನೆ. ಆ ಸಂಕೋಚಕ್ಕೆ ಕಾರಣವೇ ಇಲ್ಲ. ಸೋಯಾ ಸಾಸಿಗೆ ಅದ್ದುವಾಗ ತುಂಡನ್ನು ಓರೆ ಮಾಡಿ ಮೀನಿನ ಬದಿಯನ್ನು ಮಾತ್ರ ತಾಗಿಸಬೇಕು. ಅನ್ನದ ಬದಿಯನ್ನು ಅದ್ದಿದರೆ ಅದು ಸಾಸನ್ನೆಲ್ಲ ಹೀರಿ ಉದುರಿಹೋಗುತ್ತದೆ, ಅಡುಗೆಯವರು ಅಳೆದು ಹಾಕಿದ ಉಪ್ಪು, ಹುಳಿ, ಸಿಹಿ ಎಲ್ಲವೂ ಅದರಡಿ ಮುಚ್ಚಿಹೋಗುತ್ತವೆ. ಉಪ್ಪಿನಕಾಯಿ ಶುಂಠಿಯನ್ನು ಸುಶಿಯ ಮೇಲಿಟ್ಟು ತಿನ್ನುವುದಲ್ಲ. ಒಂದು ಬಗೆಯ ಮೀನು ತಿಂದಾದ ಮೇಲೆ ಬಾಯಿಯನ್ನು ಮುಂದಿನದಕ್ಕೆ ಸಿದ್ಧಗೊಳಿಸಲು ಒಂದೆಸಳು ಸಾಕು. ಬಿಳಿ ಮೀನಿನಿಂದ ಆರಂಭಿಸಿ, ಕೊಬ್ಬಿನ ಮೀನಿಗೆ ಹೋಗಿ, ಕೊನೆಗೆ ರೋಲ್ ತಿನ್ನುವುದು ವಾಡಿಕೆ.

ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರ ಮುಂದೆ ಅನ್ನವನ್ನಿಡುವುದು ಹಾಗೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಂಡನ್ನು ದಾಟಿಸುವುದೂ ಕೂಡದು. ಅಲ್ಲಿ ದಹನದ ನಂತರ ಅಸ್ಥಿಯನ್ನು ಆಯ್ದುಕೊಳ್ಳುವಾಗ ಹಾಗೆ ಮಾಡುತ್ತಾರೆ. ಪಿಂಡ, ಅಸ್ಥಿಸಂಚಯನ ಇವುಗಳನ್ನು ಕಂಡ ನಮಗೆ ಇದು ವಿವರಿಸದೆಯೇ ಅರ್ಥವಾಗುತ್ತದೆ.

ವಸಾಬಿ ಎಂದು ಕೊಡುವ ಹಸಿರು ಮುದ್ದೆ ಜಗತ್ತಿನ ಹೆಚ್ಚಿನ ಅಂಗಡಿಗಳಲ್ಲಿ ಹಾರ್ಸ್‌ರ್‍ಯಾಡಿಶ್ ಎಂಬ ಗಡ್ಡೆ, ಸಾಸಿವೆ ಮತ್ತು ಬಣ್ಣದ ಮಿಶ್ರಣ. ನಿಜವಾದ ವಸಾಬಿ ಹರಿಯುವ ತಣ್ಣೀರಿನಲ್ಲಿ ಬೆಳೆಯುವ ಗಿಡ. ತುರಿದ ಕೆಲವೇ ನಿಮಿಷಗಳಲ್ಲಿ ಅದರ ಪರಿಮಳ ಇಳಿಯುತ್ತದೆ. ಬಡಾವಣೆಯ ಅಂಗಡಿಯಲ್ಲಿ ಅದನ್ನು ನಿರೀಕ್ಷಿಸಬೇಕಾಗಿಲ್ಲ.

ಕೋರಮಂಗಲ ಓದುಗ

ಹಿರಿಯರೆಲ್ಲ ಇಷ್ಟು ಶ್ರದ್ಧೆಯಿಂದ ಬರೆದಿದ್ದೀರಿ, ಗೌರವದಿಂದಲೇ ಕೇಳುತ್ತೇನೆ. ನಮ್ಮೂರಿನ ಹೆಚ್ಚಿನ ಸುಶಿ ಅಂಗಡಿಗಳಲ್ಲಿ ಕತ್ತಿ ಹಿಡಿಯುವವರು ಜಪಾನಿನವರಲ್ಲ. ಪಟ್ಟಿಯ ತುಂಬ ಚೀಸ್, ಖಾರದ ಮಯೋನೀಸ್, ಕರಿದ ಈರುಳ್ಳಿಯ ರೋಲ್‌ಗಳಿವೆ. ಹೀಗಿರುವಾಗ ಇದನ್ನು ಜಪಾನಿ ಊಟವೆಂದು ಕರೆಯುವುದು ಎಷ್ಟು ಸರಿ?

ಇಂದಿರಾನಗರ ನಿವಾಸಿ

ಎರಡು ಪ್ರಶ್ನೆಗಳನ್ನು ಬೇರ್ಪಡಿಸೋಣ. ನಮ್ಮ ಅಂಗಡಿಯ ಕಟ್ಟೆಯ ಹಿಂದೆ ನಿಲ್ಲುವವರು ಮಣಿಪುರದ ಯುವಕರು. ಮೊದಲು ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿ, ಅನಂತರ ಅಕ್ಕಿ ತೊಳೆಯುವುದಕ್ಕೆ ಬಡ್ತಿ ಪಡೆದು, ಕೊನೆಗೆ ಕತ್ತಿ ಹಿಡಿದವರು. ಬೆರಳಿಗೆ ನೀರು ತಾಗಿಸಿ, ಎಡಗೈಯಲ್ಲಿ ಮೀನಿನ ಹೋಳು, ಬಲಗೈಯಲ್ಲಿ ಅನ್ನ ತೆಗೆದುಕೊಂಡು, ನಡುವೆ ಹೆಬ್ಬೆರಳಿನಿಂದ ಸಣ್ಣ ಕುಳಿ ಮಾಡಿ ಗಾಳಿಗೆ ಎಡೆ ಬಿಟ್ಟು ಮುಚ್ಚುವ ಅವರ ಕೈಚಳಕದಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಆ ಕುಳಿಯಿಂದಲೇ ನಿಗಿರಿ ಬಾಯಲ್ಲಿ ಹಗುರಾಗಿ ಬಿಡಿಸಿಕೊಳ್ಳುವುದು. ವಿದ್ಯೆ ಶ್ರಮಪಟ್ಟವರಿಗೆ ಸೇರಿದ್ದು. ಹುಟ್ಟಿದ ಊರನ್ನು ನೋಡಿ ಅದನ್ನು ಅಳೆಯುವುದು ಆ ಯುವಕರಿಗೆ ಮಾಡುವ ಅನ್ಯಾಯ.

ಮಯೋನೀಸಿನ ವಿಷಯದಲ್ಲಿ ಮಾತ್ರ ನಿಮ್ಮ ಜೊತೆಗಿದ್ದೇನೆ. ಅನ್ನ ಹೊರಗೆ, ನೋರಿ ಒಳಗೆ ಇರುವ ದಪ್ಪ ರೋಲ್‌ಗಳು ಉತ್ತರ ಅಮೆರಿಕದಲ್ಲಿ ಬೆಳೆದ ಶೈಲಿ, ಅದಕ್ಕೂ ಅದರದೇ ಜಾಗವಿದೆ. ಆದರೆ ಸಾಸ್ ಸುರಿದ ರೋಲಿನಲ್ಲಿ ತಣ್ಣಗಿನ ಅನ್ನವೂ ಹಳೆಯ ಮೀನೂ ಸುಲಭವಾಗಿ ಅಡಗಿಕೊಳ್ಳುತ್ತವೆ. ನಮ್ಮ ಅಂಗಡಿಯ ಮಾಲೀಕರು ಹೇಳುವಂತೆ ಬಾಡಿಗೆ ಕಟ್ಟುವುದು ಆ ರೋಲ್‌ಗಳಿಂದಲೇ. ಸಾದಾ ನಿಗಿರಿಯನ್ನು ಕೇಳುವವರು ಕಡಿಮೆ. ನಾವು ಸಾದಾ ತಿನಿಸುಗಳನ್ನೇ ಕೇಳಿ ತರಿಸಿಕೊಂಡರೆ ಅಂಥ ಅಂಗಡಿಗಳು ಅವನ್ನು ಪಟ್ಟಿಯಿಂದ ತೆಗೆದುಹಾಕುವುದಿಲ್ಲ. ಕಟ್ಟೆಯೆದುರಿನ ಆಸನದಲ್ಲಿ ಕುಳಿತು "ಇವತ್ತು ಏನು ಚೆನ್ನಾಗಿದೆ, ನೀವೇ ಕೊಡಿ, ಇಷ್ಟು ರೂಪಾಯಿಯೊಳಗಿರಲಿ" ಎಂದು ಹೇಳಿ ನೋಡಿ. ಬೆಲೆಯನ್ನು ಮೊದಲೇ ಹೇಳುವುದರಿಂದ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಮಲ್ಲೇಶ್ವರದ ಓದುಗಿ

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು ಪ್ರಶ್ನೆ: ಅತ್ತೆಯವರಿಗೆ ಮಹಡಿ ಹತ್ತುವುದು ಕಷ್ಟ. ಇಂದಿರಾನಗರದಿಂದ ಮಲ್ಲೇಶ್ವರಕ್ಕೆ ಪಾರ್ಸೆಲ್ ತಂದರೆ ಅನ್ನ ಕೆಡುವುದೇ?

ಇಂದಿರಾನಗರ ನಿವಾಸಿ

ಕೆಡುವುದಿಲ್ಲ ಮೇಡಂ, ಆದರೆ ಆರಿಸಿ ತರಬೇಕು. ವಿನೆಗರಿನ ಹುಳಿ ಇರುವುದರಿಂದ ಸುಶಿ ಅನ್ನ ಸಾದಾ ಅನ್ನಕ್ಕಿಂತ ಹೊರಗೆ ಹೆಚ್ಚು ಹೊತ್ತು ಸುರಕ್ಷಿತವಾಗಿರುತ್ತದೆ. ಕಾಂಪ್ಯೋ, ಮೂಲಂಗಿ, ಸೌತೆಕಾಯಿ ರೋಲ್‌ಗಳನ್ನೂ ಇನಾರಿಯನ್ನೂ ತನ್ನಿ. ಇವು ಪ್ರಯಾಣವನ್ನು ತಾಳಿಕೊಳ್ಳುತ್ತವೆ. ಬೆಣ್ಣೆಹಣ್ಣು ಕಪ್ಪಾಗುತ್ತದೆ, ಟೆಂಪುರಾ ಮೆತ್ತಗಾಗುತ್ತದೆ, ಇವೆರಡನ್ನೂ ಬಿಡಿ. ಕೈಯಲ್ಲಿ ಹಿಡಿದು ತಿನ್ನುವ ಶಂಕುವಿನಾಕಾರದ ತೆಮಾಕಿ ಬೇಕಿದ್ದರೆ ನೋರಿಯನ್ನು ಬೇರೆಯಾಗಿ ಕಟ್ಟಿಕೊಡಲು ಹೇಳಿ, ಮನೆಯಲ್ಲಿ ಸುತ್ತಿಕೊಳ್ಳಿ. ಮಳೆಗಾಲದ ತೇವದಲ್ಲಿ ನೋರಿ ಕೂಡಲೇ ಚರ್ಮದಂತಾಗುತ್ತದೆ. ತಂದದ್ದನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಏಕೆಂದರೆ ಆ ತಣ್ಪಿನಲ್ಲಿಯೇ ಪಿಷ್ಟ ಬೇಗನೆ ಬಿರುಸಾಗುವುದು. ಮನೆ ಮುಟ್ಟಿದ ಕೂಡಲೇ ಬಡಿಸಿ. ಶನಿವಾರ, ಭಾನುವಾರದ ಸಂಜೆ ಅಲ್ಲಿ ನೂಕುನುಗ್ಗಲು. ವಾರದ ದಿನ ಮಧ್ಯಾಹ್ನವೇ ಫೋನ್ ಮಾಡಿ, ಬೊನಿಟೊ ಬೇಡವೆಂದು ತಿಳಿಸಿಟ್ಟರೆ ಸೋರೆಕಾಯಿಯನ್ನು ಕೊಂಬು ಕಟ್ಟಿನಲ್ಲಿ ಕುದಿಸಿಡಲು ಅವರಿಗೆ ಸಮಯ ಸಿಗುತ್ತದೆ.